ಟೇಕಾಫ್ ಆದ ವಿಮಾನಗಳು ಡಿಕ್ಕಿಯಾಗದಂತೆ ತಡೆಯುವುದು ಹೇಗೆ?
(ಒಂಬತ್ತನೇ ತರಗತಿಯ ‘ಚಲನೆ’ ಪಾಠಕ್ಕೆ ಪೂರಕ ವಿವರಣೆ)

‘ಆಕಾಶ ಅಷ್ಟು ದೊಡ್ಡದಿರುವಾಗ ವಿಮಾನಗಳು ಡಿಕ್ಕಿ ಹೊಡೆಯುವುದು ಹೇಗೆ ಸರ್?’ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಈ ಪ್ರಶ್ನೆಗೆ ಸಿದ್ಧರಾಗಿರಬೇಕು. ಆಕಾಶ ದೊಡ್ಡದು ನಿಜ. ಆದರೆ ಎಲ್ಲ ಊರಿನ ಬಸ್ಸುಗಳೂ ನಿಲ್ದಾಣದ ಗೇಟಿನಲ್ಲಿ ಸೇರುವಂತೆ, ಏರುವ ಮತ್ತು ಇಳಿಯುವ ವಿಮಾನಗಳೆಲ್ಲ ರನ್‌ವೇ ಸುತ್ತ ಒತ್ತಾಗುತ್ತವೆ.

ಮೊದಲು ಲೆಕ್ಕ ಮಾಡಿಸಿ. 10,000 ಅಡಿಗಿಂತ ಕೆಳಗೆ ಜವದ ಮಿತಿ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಎರಡು ವಿಮಾನಗಳು ಇದೇ ಜವದಲ್ಲಿ ಎದುರುಬದುರಾದರೆ ಅಂತರ ಸೆಕೆಂಡಿಗೆ ಸುಮಾರು 257 ಮೀಟರ್ ಕುಗ್ಗುತ್ತದೆ. 5 ಕಿ.ಮೀ. ಅಂತರ 20 ಸೆಕೆಂಡಿನೊಳಗೆ ಮುಗಿಯುತ್ತದೆ. ಕಣ್ಣನ್ನೇ ನಂಬಿದರೆ ಸಾಲದೆಂದು ಮಕ್ಕಳಿಗೇ ಹೊಳೆಯುತ್ತದೆ.

ಆದ್ದರಿಂದ ರಕ್ಷಣೆ ಹಂತ ಹಂತವಾಗಿದೆ. ಟವರ್ ಅನುಮತಿಯಿಲ್ಲದೆ ವಿಮಾನ ಹೊರಡುವಂತಿಲ್ಲ. ಸಮಾನಾಂತರ ರನ್‌ವೇಗಳಿಂದ ಒಟ್ಟಿಗೆ ಏರುವ ವಿಮಾನಗಳ ದಾರಿಗಳು ಕನಿಷ್ಠ 15 ಡಿಗ್ರಿ ಕವಲೊಡೆಯಬೇಕು ಎಂಬುದು ರೂಢಿಯ ನಿಯಮ. ಮೇಲೇರಿದ ಬಳಿಕ ರೇಡಾರ್ ನಿಯಂತ್ರಕರು ನೋಡಿಕೊಳ್ಳುತ್ತಾರೆ. ಕೊನೆಯದು ವಿಮಾನದಲ್ಲೇ ಇರುವ ಟಿಕಾಸ್ ಯಂತ್ರ: ಒಂದಕ್ಕೆ ‘ಏರು’, ಇನ್ನೊಂದಕ್ಕೆ ‘ಇಳಿ’ ಎನ್ನುತ್ತದೆ. 1996ರ ನವೆಂಬರ್ 12ರಂದು ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನವೂ ಇಳಿಯಲು ಬರುತ್ತಿದ್ದ ಕಜಕಿಸ್ತಾನದ ವಿಮಾನವೂ ಚರ್ಖಿ ದಾದ್ರಿ ಬಳಿ ಡಿಕ್ಕಿಯಾಗಿ 349 ಜನ ಸತ್ತ ಬಳಿಕ ಭಾರತದಲ್ಲಿ ಇದು ಕಡ್ಡಾಯವಾಯಿತು. ಆದರೆ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಟಿಕಾಸ್ ಇಂಥ ಆದೇಶ ಕೊಡುವುದಿಲ್ಲ. ಹೀಗಾಗಿ ಟೇಕಾಫ್ ಆದ ಕೂಡಲೇ ಕಾಯುವುದು ಮನುಷ್ಯರ ನಡುವಿನ ಮಾತು.

ಆ ಮಾತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಉತ್ತರ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣ ರನ್‌ವೇಯಲ್ಲಿ ಇಳಿಯುತ್ತಿದ್ದವು. ಮುಂದೆ ಎರಡಕ್ಕೂ ಉತ್ತರವೊಂದನ್ನೇ ಬಳಸುವ ತೀರ್ಮಾನವಾಯಿತು. ಅದು ದಕ್ಷಿಣ ಟವರಿಗೆ ತಲುಪಲಿಲ್ಲ. ದಕ್ಷಿಣದವರು ಕೋಲ್ಕತ್ತದ ವಿಮಾನಕ್ಕೂ ಉತ್ತರದವರು ಭುವನೇಶ್ವರದ ವಿಮಾನಕ್ಕೂ ಅನುಮತಿ ಕೊಟ್ಟರು. ಎರಡೂ ಇಂಡಿಗೋ ವಿಮಾನಗಳು. ಒಟ್ಟು 426 ಜನ. ಏರಿದ ಮೇಲೆ ಅವು ಪರಸ್ಪರ ಸಮೀಪಿಸತೊಡಗಿದವು. ರೇಡಾರ್ ನಿಯಂತ್ರಕರು ಗಮನಿಸಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತ ತಪ್ಪಿತು.

ತರಗತಿಯಲ್ಲಿ ಇದನ್ನು ಚಟುವಟಿಕೆಯಾಗಿಸಬಹುದು. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಮಾಡಿ ‘ಟವರ್’ಗಳಾಗಿ ಕೂರಿಸಿ, ಒಬ್ಬರು ‘ಮೇಲ್ವಿಚಾರಕ’. ಮೊದಲ ಸುತ್ತಿನಲ್ಲಿ ರನ್‌ವೇ ಬದಲಾವಣೆಯ ಚೀಟಿ ಒಂದೇ ಟವರಿಗೆ ಹೋಗಲಿ. ಎರಡನೆಯದರಲ್ಲಿ ಇಬ್ಬರಿಗೂ ಹೋಗಲಿ, ಇಬ್ಬರೂ ಅದನ್ನು ಗಟ್ಟಿಯಾಗಿ ಮರುನುಡಿಯಲಿ. ಪೈಲಟ್ ಕೂಡ ಅನುಮತಿಯನ್ನು ಹೀಗೆಯೇ ಮರುನುಡಿಯುತ್ತಾನೆಂದು ತಿಳಿಸಿ.

ಮೌಲ್ಯಮಾಪನಕ್ಕೆ ಎರಡು ಪ್ರಶ್ನೆ ಸಾಕು: ಬೆಂಗಳೂರಿನಲ್ಲಿ ಯಾವ ಹಂತ ಸೋತಿತು? ಯಾವ ಹಂತ ಉಳಿಸಿತು? ಇವೆರಡಕ್ಕೂ ಕಾರಣ ಸಹಿತ ಉತ್ತರಿಸಿದ ಮಗು ಪಾಠವನ್ನು ಗ್ರಹಿಸಿದೆ ಎಂದು ತಿಳಿಯಬಹುದು.