ನಮ್ಮ ಮನೆಯ ಎರಡು ಗೊಂಬೆ ಹಬ್ಬ

ಅಕ್ಕಿಪೇಟೆಯ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಗೊಂಬೆ ಕೂರಿಸುತ್ತೇವೆ. ದಸರೆಗೊಮ್ಮೆ, ಮಾರ್ಚ್ 3ಕ್ಕೆ ಇನ್ನೊಮ್ಮೆ. "ಇದ್ಯಾವ ಹಬ್ಬ ರಾಯರೇ?" ಎಂದು ಬೀದಿಯವರು ಕೇಳುತ್ತಾರೆ. ಅದು ನನ್ನ ಸೊಸೆಯ ತವರಿನ ಹಬ್ಬ. ಅವಳ ತವರು ಜಪಾನಿನ ಒಸಾಕಾ.

1997ರಲ್ಲಿ ಟೊಯೋಟಾ ಕಂಪನಿ ಬಿಡದಿಗೆ ಬಂದ ಮೇಲೆ ಬೆಂಗಳೂರಿಗೆ ಜಪಾನೀಯರು ಅಪರೂಪವಲ್ಲ. ಆದರೂ ಮಗ ಜಪಾನಿನ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಾಗ ನಾನು ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದೆ. "ಹುಟ್ಟುವ ಮಕ್ಕಳು ಅತ್ತಲೂ ಸೇರೋಲ್ಲ, ಇತ್ತಲೂ ಸೇರೋಲ್ಲ" ಎಂದೂ ಅಂದಿದ್ದೆ.

ಸೊಸೆ ಬಂದಳು. ಮೊದಲ ತಕರಾರು ಅನ್ನದ್ದು. ನಮಗೆ ಸೋನಾ ಮಸೂರಿ ಉದುರುದುರಾಗಿರಬೇಕು. ಅವರ ಅಕ್ಕಿ ಗಿಡ್ಡ, ಅನ್ನ ಅಂಟಂಟು. ಕಡ್ಡಿಯಲ್ಲಿ ಎತ್ತಿ ತಿನ್ನಲು ಅದೇ ಅನುಕೂಲ. "ಅನ್ನ ಮುದ್ದೆಯಾಗಿದೆ" ಎಂದು ಗೊಣಗಿದ ನಮ್ಮಾಕೆ, ಈಗ ಮೊಸರನ್ನಕ್ಕೆ ಆ ಅಕ್ಕಿಯೇ ಸರಿ ಎನ್ನುತ್ತಾಳೆ!

ಮೊಮ್ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದಳು. "ತಾತ, ಕ್ಲಾಸಲ್ಲಿ ನನ್ನನ್ನ ಚೀನಾದವಳು ಅಂತಾರೆ. ಒಸಾಕಾಗೆ ಹೋದ್ರೆ 'ಹಾಫು' ಅಂತಾರೆ. ನಾನು ಬರೀ ಅರ್ಧನಾ?" ಇಂಗ್ಲಿಷಿನ 'ಹಾಫ್' ಜಪಾನೀಯರ ಬಾಯಲ್ಲಿ 'ಹಾಫು' ಆಗಿದೆ. ನನ್ನ ಹಳೆಯ ಮಾತು ನೆನಪಾಗಿ ತಲೆ ತಗ್ಗಿಸಿದೆ.

ಅವಳ ಅಮ್ಮ ಕಲಿಸುತ್ತಿದ್ದ ಅಕ್ಷರದ ಪುಸ್ತಕ ತರಿಸಿ ಓದಿಸಿದೆ. "ಅ, ಇ, ಉ, ಎ, ಒ" ಎಂದಳು. ಮುಂದಿನ ಸಾಲುಗಳು ಕ, ಸ, ತ, ನ. ಮಕ್ಕಳೇ, ನಮ್ಮ ವರ್ಣಮಾಲೆ ಕೇಳಿಸಿತೇ? ಬೌದ್ಧ ಭಿಕ್ಷುಗಳ ಜೊತೆ ಸಂಸ್ಕೃತದ ಅಕ್ಷರಪಾಠ ಚೀನಾ ದಾಟಿ ಜಪಾನಿಗೆ ಹೋಯಿತು. ಅಲ್ಲಿನ ಅಕ್ಷರಗಳ ಸಾಲು ಅದನ್ನೇ ಅನುಸರಿಸಿತು. ನಮ್ಮ ಸರಸ್ವತಿ ಅಲ್ಲಿ ಬೆಂಜಾಯ್‌ತೆನ್. ಕೈಯಲ್ಲಿ ಬಿವಾ ಎಂಬ ತಂತಿವಾದ್ಯ. ಮಹಾಕಾಲ ಅಲ್ಲಿ ದಾಯ್‌ಕೊಕು. ನಗುನಗುತ್ತಾ ಎರಡು ಅಕ್ಕಿ ಮೂಟೆಗಳ ಮೇಲೆ ನಿಂತಿರುತ್ತಾನೆ. ಅಕ್ಕಿಪೇಟೆಗೆ ಇದಕ್ಕಿಂತ ಒಪ್ಪುವ ದೇವರುಂಟೇ?

ಆ ಮಾರ್ಚ್ 3ಕ್ಕೆ ಮೊಮ್ಮಗಳ ಕ್ಲಾಸಿನ ಮಕ್ಕಳನ್ನೆಲ್ಲ ಕರೆದೆವು. ಅಂದು ಜಪಾನಿನಲ್ಲಿ 'ಹಿನಾಮತ್ಸುರಿ', ಹೆಣ್ಣುಮಕ್ಕಳ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಮೇಲೆ ರಾಜ ರಾಣಿ, ಕೆಳಗೆ ಸಖಿಯರು, ವಾದ್ಯದವರು. ದೊಡ್ಡ ಜೋಡಣೆಗೆ ಏಳು ಮೆಟ್ಟಿಲು. ನಮ್ಮಾಕೆ ಪೆಟ್ಟಿಗೆಯಿಂದ ತನ್ನ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ತಂದು ಪಕ್ಕದಲ್ಲೇ ಇಟ್ಟಳು. ಹಬ್ಬ ಮುಗಿದ ಮೇಲೆ ಅಲ್ಲಿನ ಗೊಂಬೆಗಳನ್ನು ಬೇಗ ಎತ್ತಿಡಬೇಕಂತೆ. ತಡವಾದರೆ ಮನೆಯ ಹುಡುಗಿಯ ಮದುವೆಯೂ ತಡವಾಗುತ್ತದೆಂದು ನಂಬಿಕೆ. ಇದನ್ನು ಮೊಮ್ಮಗಳು ಹೇಳಿದಾಗ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. 'ಚೀನಾದವಳು' ಎಂದಿದ್ದ ಹುಡುಗನೇ, "ದಸರೆಗೂ ಕರೀತೀಯಾ?" ಎಂದು ಕೇಳಿ ಕೋಸಂಬರಿ ಇನ್ನಷ್ಟು ಹಾಕಿಸಿಕೊಂಡ.

ರಾತ್ರಿ ಅವಳಿಗೆ ನನಗೆ ಗೊತ್ತಿದ್ದ ಲೆಕ್ಕವನ್ನೇ ಹೇಳಿದೆ. "ಬ್ಯಾಂಕಿನಲ್ಲಿ ಅಜ್ಜಿಗೂ ನನಗೂ ಜಂಟಿ ಖಾತೆ ಇದೆ ಪುಟ್ಟಿ. ಹೆಸರು ಎರಡು. ಆದರೆ ಅಜ್ಜಿ ಹೋದರೂ ಪೂರ್ತಿ ದುಡ್ಡು ತೆಗೀಬಹುದು, ನಾನು ಹೋದರೂ ಪೂರ್ತಿ ತೆಗೀಬಹುದು. ಅರ್ಧ ಅನ್ನೋ ಮಾತೇ ಇಲ್ಲ."

"ಹಾಗಾದ್ರೆ ನಂಗೆ ಎರಡು ಹಬ್ಬಕ್ಕೂ ಹೊಸ ಬಟ್ಟೆ ಬೇಕು," ಎಂದಳು.

ಕೊಡಿಸಿದೆ. ಪ್ರತಿವರ್ಷ ಕೊಡಿಸುತ್ತಲೇ ಇದ್ದೇನೆ.