ಬೇಕು, ಬಹುದು, ಬಾರದು: ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳಲ್ಲಿ ಅಡಗಿರುವ ಭಾವಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಿಂದ ಬಂದು ಇಂಗ್ಲಿಷನ್ನು ಕಲಿಯತಕ್ಕ ಬಾಲಿಕೆಯರ ರಜೆಯ ಅರ್ಜಿಗಳಲ್ಲಿ ಒಂದು ವಾಕ್ಯವು ವರುಷ ವರುಷವೂ ಕಾಣಬರುತ್ತದೆ. ‘ಯು ಮಸ್ಟ್ ಗಿವ್ ಮಿ ಟೂ ಡೇಸ್ ಲೀವ್’ ಎಂಬುದೇ ಆ ವಾಕ್ಯ. ವ್ಯಾಕರಣರೀತ್ಯಾ ಇದರಲ್ಲಿ ಹೇಳತಕ್ಕ ದೋಷವೇನೂ ಇಲ್ಲ. ಆದರೂ ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರು ಇದನ್ನು ಓದಿದರೆ, ಹುಡುಗಿಯು ಮುಖ್ಯೋಪಾಧ್ಯಾಯಿನಿಯವರಿಗೇ ಅಪ್ಪಣೆ ಮಾಡುತ್ತಿರುವಳೆಂದು ತಿಳಿದಾರು. ಬರೆದವಳ ಮನಸ್ಸಿನಲ್ಲಿ ಅಂಥ ಉದ್ಧಟತನವು ಎಳ್ಳಷ್ಟೂ ಇರಲಿಲ್ಲ. ‘ತಾವು ದಯವಿಟ್ಟು ಎರಡು ದಿನ ರಜೆ ಕೊಡಬೇಕು’ ಎಂದು ಕನ್ನಡದಲ್ಲಿ ಯೋಚಿಸಿ, ‘ಬೇಕು’ ಇದ್ದ ಸ್ಥಳದಲ್ಲಿ ‘ಮಸ್ಟ್’ ಎಂಬುದನ್ನು ಇಟ್ಟಳು, ಅಷ್ಟೆ. ಹಾಗಾದರೆ ಅವಳ ವಿನಯವು ನಡುದಾರಿಯಲ್ಲಿ ಎಲ್ಲಿ ಕಳೆದುಹೋಯಿತು?

ಕನ್ನಡದಲ್ಲಿ ಮರ್ಯಾದೆಯು ಸರ್ವನಾಮದಲ್ಲಿಯೂ ಕ್ರಿಯಾಪದದ ಕಡೆಯ ಪ್ರತ್ಯಯದಲ್ಲಿಯೂ ವಾಸವಾಗಿರುತ್ತದೆ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಲ್ಲಿ ನಾವು ಎದುರಿನವರನ್ನು ಎಲ್ಲಿ ನಿಲ್ಲಿಸಿದೆವೆಂಬುದು ಬಾಯಿ ತೆರೆದ ಕೂಡಲೇ ತಿಳಿಯುತ್ತದೆ. ಆದಕಾರಣ ‘ತಾವು’ ಎಂದ ಮೇಲೆ ‘ಕೊಡಬೇಕು’ ಎಂಬುದು ಬಿನ್ನಹವೇ ಹೊರತು ಅಪ್ಪಣೆಯಾಗದು. ಇಂಗ್ಲಿಷಿನಲ್ಲಿಯೂ ಪೂರ್ವದಲ್ಲಿ ‘ದೌ’ ಎಂಬ ಏಕವಚನವು ಇದ್ದಿತು. ಕಾಲಕ್ರಮದಲ್ಲಿ ಅದು ನಿತ್ಯದ ಮಾತಿನಿಂದ ಮರೆಯಾಗಿ, ಪ್ರಾರ್ಥನೆಯಲ್ಲಿಯೂ 1611ರ ಸತ್ಯವೇದದಂಥ ಹಳೆಯ ಗ್ರಂಥಗಳಲ್ಲಿಯೂ ಉಳಿದುಕೊಂಡಿತು. ಈಗ ದೊರೆಗೂ ಆಳಿಗೂ ಬೀದಿಯ ನಾಯಿಗೂ ‘ಯು’ ಎಂಬುದೊಂದೇ ಪದ. ಸರ್ವನಾಮದಲ್ಲಿ ನೆಲೆಯಿಲ್ಲದ ಮರ್ಯಾದೆಯು ಬಹುಮಟ್ಟಿಗೆ ಮೇ, ಕುಡ್, ವುಡ್ ಎಂಬ ಸಣ್ಣ ಕ್ರಿಯಾಪದಗಳಲ್ಲಿ ಆಶ್ರಯ ಪಡೆದಿದೆ. ‘ಕ್ಯಾನ್’ ಎಂಬುದರ ಭೂತರೂಪವೇ ‘ಕುಡ್’, ‘ವಿಲ್’ ಎಂಬುದರ ಭೂತರೂಪವೇ ‘ವುಡ್’. ಕಾಲವನ್ನು ಹಿಂದಕ್ಕೆ ಸರಿಸುವ ರೂಪವನ್ನೇ ಬಿನ್ನಹಕ್ಕೆ ಬಳಸುವುದರಿಂದ, ಕೇಳುವವಳು ತಾನೇ ಒಂದು ಹೆಜ್ಜೆ ಹಿಂದೆ ಸರಿದು ನಿಂತಂತೆ ಆಗುತ್ತದೆ. ‘ಮೇ ಐ ಹ್ಯಾವ್ ಟೂ ಡೇಸ್ ಲೀವ್’ ಎಂದು ಬರೆದಿದ್ದರೆ ಆ ಬಾಲಿಕೆಯ ‘ತಾವು’ ಎಂಬುದು ಇಂಗ್ಲಿಷಿಗೂ ಬರುತ್ತಿತ್ತು.

ಈ ಪದಗಳ ಬೇರುಗಳನ್ನು ಕೆದಕಿ ನೋಡುವುದು ಬಹು ಸ್ವಾರಸ್ಯವಾದದ್ದು. ‘ಕ್ಯಾನ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ತಿಳಿ’ ಎಂದರ್ಥ. ನಮ್ಮ ‘ಬಲ್ಲೆ’ ಎಂಬುದೂ ಹಾಗೆಯೇ: ‘ನಾನು ಅದನ್ನು ಬಲ್ಲೆ’ ಎಂದರೆ ಅರಿತಿದ್ದೇನೆ, ‘ನಾನು ಹಾಡಬಲ್ಲೆ’ ಎಂದರೆ ಶಕ್ತಳಾಗಿದ್ದೇನೆ. ಒಂದನ್ನೊಂದು ಕಂಡು ಕೇಳಿ ಅರಿಯದ ಎರಡು ಭಾಷೆಗಳು ಶಕ್ತಿಯನ್ನು ಅರಿವಿನಿಂದಲೇ ಹುಟ್ಟಿಸಿರುವುದು ವಿದ್ಯಾಶಾಲೆಗೆ ಸಂತೋಷದ ಸಂಗತಿ. ‘ಷಲ್’ ಎಂಬುದು ಮೊದಲು ಸಾಲದ ಮಾತು. ‘ನಾನು ತೆರಬೇಕಾಗಿದೆ’ ಎಂಬುದು ಅದರ ಹಳೆಯ ಅರ್ಥ. ‘ಆಟ್’ ಎಂಬುದೂ ‘ಸಾಲಗಾರನಾಗಿರು’ ಎಂಬರ್ಥದ ‘ಓ’ ಎಂಬ ಕ್ರಿಯಾಪದದ ಭೂತರೂಪವೇ. ನಮ್ಮ ‘ತಕ್ಕದ್ದು’ ಎಂಬುದಾದರೋ ‘ತಗು’, ಎಂದರೆ ಯೋಗ್ಯವಾಗು, ಎಂಬ ಧಾತುವಿನಿಂದ ಬಂದದ್ದು. ಅವರಿಗೆ ಕರ್ತವ್ಯವು ತೀರಿಸತಕ್ಕ ಸಾಲ. ನಮಗೆ ಅದು ನಮಗೊಪ್ಪುವ ನಡತೆ. ಇನ್ನು ‘ಬೇಕು’ ಎಂಬುದು ‘ಬೇಡು’ ಎಂಬುದಕ್ಕೆ ಬಂಧು. ಬಾಲಿಕೆಯ ಅರ್ಜಿಯಲ್ಲಿ ವಿನಯವಿದ್ದುದಕ್ಕೆ ಇದೂ ಒಂದು ಸಾಕ್ಷಿ. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಸಾಹೇಬರ 1894ರ ನಿಘಂಟನ್ನು ಶಾಲೆಯ ಗ್ರಂಥಾಲಯದಲ್ಲಿ ತೆರೆದು ನೋಡುವ ವಿದ್ಯಾರ್ಥಿನಿಗೆ ಇಂಥ ಕನ್ನಡದ ಬೇರುಗಳು ಇನ್ನೂ ಅನೇಕವಾಗಿ ದೊರಕುವುವು.

ಮನುಷ್ಯರ ವಿಷಯ ಹಾಗಿರಲಿ. ವಸ್ತುಗಳನ್ನು ನಾವು ನೋಡುವ ಬಗೆಯೂ ಈ ಪದಗಳಿಂದಲೇ ವ್ಯಕ್ತವಾಗುತ್ತದೆ. ಜಗಳೂರು ಸೀಮೆಯ ಒಕ್ಕಲಿಗನು ಆಕಾಶವನ್ನು ನೋಡಿ ‘ಮಳೆ ಬರಬೇಕು’ ಎನ್ನುತ್ತಾನೆ. ಇದನ್ನು ‘ಮಸ್ಟ್’ ಎಂಬುದರಿಂದ ಇಂಗ್ಲಿಷಿಗೆ ತಂದರೆ ಅವನು ಮೇಘಗಳಿಗೆ ಹುಕುಂ ಹೊರಡಿಸಿದಂತಾಗುವುದು. ಇಲ್ಲಿ ‘ನೀಡ್’ ಎಂಬುದೇ ಸರಿ. ಮರುದಿನ ತಣ್ಣನೆಯ ಗಾಳಿ ಬೀಸಲು, ‘ಎಲ್ಲಿಯೋ ಮಳೆ ಬಂದಿರಬೇಕು’ ಎನ್ನುತ್ತಾನೆ. ಈಗ ‘ಮಸ್ಟ್’ ಎಂಬುದು ಸರಿಯಾಗಿ ಕೂಡಿಕೊಳ್ಳುತ್ತದೆ, ಯಾಕೆಂದರೆ ಇಲ್ಲಿ ಬಲವಂತವು ಮಳೆಯ ಮೇಲಲ್ಲ, ಗಾಳಿಯ ತಂಪನ್ನು ಕಂಡ ನಮ್ಮ ಬುದ್ಧಿಯ ಮೇಲೆ. ಚನ್ನಗಿರಿಯ ಸೂಳೆಕೆರೆಯನ್ನು ಕಾಣದೆಯೇ ‘ಕೆರೆ ತುಂಬಿರಬೇಕು’ ಎನ್ನುವುದೂ ಇಂಥದ್ದೇ. ‘ಮಳೆ ಬಂದೀತು’, ‘ಮಗು ಬಿದ್ದೀತು’ ಎಂಬ ಸಂಭಾವನೆಯ ರೂಪಗಳಿಗೆ ಕನ್ನಡದಲ್ಲಿ ಸಹಾಯಕ ಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಿ ‘ಮೇ’ ಅಥವಾ ‘ಮೈಟ್’ ಎಂಬುದನ್ನು ಕರೆತರಬೇಕಾಗುತ್ತದೆ.

ಕನ್ನಡವು ಎಲ್ಲಾ ಕಡೆಯೂ ಇಂಗ್ಲಿಷಿಗಿಂತ ಸ್ಪಷ್ಟವೆಂದು ಇದರಿಂದ ತಿಳಿಯಬಾರದು. ಹೊನ್ನಾಳಿಯ ಬಳಿ ತುಂಗಭದ್ರೆಯ ದಡದಲ್ಲಿ ನಿಂತವನು ‘ಅವಳು ಹೊಳೆ ದಾಟಬಹುದು’ ಎಂದರೆ, ನೀರು ಇಳಿದಿದೆಯೆಂದೋ, ಹಿರಿಯರ ಒಪ್ಪಿಗೆಯಿದೆಯೆಂದೋ, ಒಂದು ವೇಳೆ ದಾಟಿಯಾಳೆಂದೋ ತಿಳಿಯುವುದು ಕಷ್ಟ. ಇಂಗ್ಲಿಷಿನವನು ಕ್ಯಾನ್, ಮೇ, ಮೈಟ್ ಎಂಬುವುಗಳಿಂದ ಈ ಮೂರನ್ನೂ ಬೇರ್ಪಡಿಸಬಲ್ಲನು, ಮನಸ್ಸಿಟ್ಟರೆ. ಮಳೆಗಾಲದಲ್ಲಿ ಈ ಭೇದವು ಪ್ರಾಣದ ಪ್ರಶ್ನೆ.

ಕಾನೂನಿನಲ್ಲಿಯೂ ಹಾಗೆಯೇ. ನಮ್ಮ ರಾಜ್ಯದ ಕಾಯಿದೆಗಳ ಕನ್ನಡ ಪಾಠಗಳಲ್ಲಿ ‘ಷಲ್’ ಎಂಬುದಕ್ಕೆ ‘ತಕ್ಕದ್ದು’ ಎಂದೂ ‘ಮೇ’ ಎಂಬುದಕ್ಕೆ ‘ಬಹುದು’ ಎಂದೂ ಬರೆಯುವುದು ವಾಡಿಕೆ. ಹಿಂದೆ ಹೊನ್ನಾಳಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ನ್ಯಾಮತಿಯ ಕಚೇರಿಗೆ ಒಬ್ಬ ವಿಧವೆಯು ಅರ್ಜಿ ಹಿಡಿದು ಹೋದಳೆಂದು ಭಾವಿಸೋಣ. ಅಧಿಕಾರಿಯು ‘ವಿಚಾರಣೆ ನಡೆಸತಕ್ಕದ್ದು’ ಎಂದಿದ್ದರೆ ಅದು ಅವಳಿಗೆ ಸಲ್ಲಬೇಕಾದ ಹಕ್ಕು. ‘ನಡೆಸಬಹುದು’ ಎಂದಿದ್ದರೆ ಸಾಮಾನ್ಯವಾಗಿ ಅದು ಅವರ ವಿವೇಚನೆಗೆ ಬಿಟ್ಟದ್ದು. ಅರ್ಜಿ ಬರೆದುಕೊಡುವವರು ಇದನ್ನು ಓದಿ ತಿಳಿಸಿದರೆ ಆಕೆಯ ಎಷ್ಟೋ ಅಲೆದಾಟವು ತಪ್ಪೀತು.

ಬಾಲಿಕಾ ಪಾಠಶಾಲೆಯ ಸಂಚಿಕೆಯಲ್ಲಿ ಹೇಳದೆ ಬಿಡಲಾಗದ ಇನ್ನೊಂದು ಭೇದವುಂಟು. ‘ಹೆಣ್ಣುಮಕ್ಕಳು ಕಲಿಯಲಾರರು’ ಎಂಬುದು ಶಕ್ತಿಯ ಮಾತು. ‘ಹೆಣ್ಣುಮಕ್ಕಳು ಕಲಿಯಬಾರದು’ ಎಂಬುದು ನಿಷೇಧದ ಮಾತು. ಕನ್ನಡದಲ್ಲಿ ಎರಡೂ ಬೇರೆ ಬೇರೆ. ಇಂಗ್ಲಿಷಿನ ‘ಕೆನಾಟ್’ ಎಂಬುದಾದರೋ ಇವೆರಡನ್ನೂ ಒಂದೇ ಸೆರಗಿನಲ್ಲಿ ಕಟ್ಟಿಕೊಳ್ಳುತ್ತದೆ. ಆದಕಾರಣ ನಿಷೇಧವನ್ನು ಅಶಕ್ತಿಯೆಂದು ತೋರಿಸುವುದು ಆ ಭಾಷೆಯಲ್ಲಿ ಸುಲಭ. ಕೇಂಬ್ರಿಜ್ ವಿಶ್ವವಿದ್ಯಾನಿಲಯವು 1881ರಲ್ಲಿ ಸ್ತ್ರೀಯರನ್ನು ತನ್ನ ಉನ್ನತ ಪರೀಕ್ಷೆಗಳಿಗೆ ಸೇರಿಸಿಕೊಂಡಿತು. ನಮ್ಮ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಸ್ಥಾಪಿತವಾದದ್ದೂ ಅದೇ ವರುಷ. 1890ರಲ್ಲಿ ಫಿಲಿಪ್ಪಾ ಫಾಸೆಟ್ ಎಂಬಾಕೆಯು ಗಣಿತದಲ್ಲಿ ಆ ವರುಷದ ಪ್ರಥಮ ಸ್ಥಾನದ ಪುರುಷನಿಗಿಂತಲೂ ಮೇಲೆಂದು ಸಭೆಯಲ್ಲಿ ಸಾರಲ್ಪಟ್ಟಳು. ‘ಲಾರರು’ ಎಂಬುದು ಅಂದೇ ಸುಳ್ಳಾಯಿತು. ಆದರೂ ಆಕೆಗೆ ಪದವಿಯನ್ನು ಕೊಡಲಿಲ್ಲ. ಅಲ್ಲಿ ಸ್ತ್ರೀಯರಿಗೆ ಪೂರ್ಣ ಪದವಿಯು ದೊರೆತದ್ದು 1948ರಲ್ಲಿ. ಆ 58 ವರುಷಗಳು ‘ಬಾರದು’ ಎಂಬುದೊಂದೇ ನಿಂತಿದ್ದ ಕಾಲ. ಆದುದರಿಂದ ಯಾರಾದರೂ ‘ಯು ಕೆನಾಟ್’ ಎಂದರೆ, ಅದು ‘ಲಾರೆ’ಯೋ ‘ಬಾರದೋ’ ಎಂದು ಕನ್ನಡದಲ್ಲಿ ಒಮ್ಮೆ ಕೇಳಿಕೊಳ್ಳುವುದು ನಮ್ಮ ಬಾಲಿಕೆಯರಿಗೆ ಒಳ್ಳೆಯದು.

ಮೊದಲಿನ ಅರ್ಜಿಯಲ್ಲಿ ಕನ್ನಡವು ಇಂಗ್ಲಿಷಿನೊಳಕ್ಕೆ ನುಗ್ಗಿತ್ತು. ಇದಕ್ಕೆ ವಿಪರೀತವಾದದ್ದೂ ನಡೆಯುತ್ತದೆ. ‘ಯು ಮೇ ಗೋ ನೌ’ ಎಂಬುದನ್ನು ತರಗತಿಯಲ್ಲಿ ದಿನವೂ ಕೇಳಿದ ಹುಡುಗಿಯು, ಮನೆಗೆ ಬಂದು ಹೊರಡಲನುವಾದ ದೊಡ್ಡಮ್ಮನಿಗೆ ‘ನೀವಿನ್ನು ಹೋಗಬಹುದು’ ಎಂದಳೆಂದರೆ ಆಕೆ ಮತ್ತೆ ಆ ಹೊಸ್ತಿಲನ್ನು ತುಳಿಯುವುದು ಸಂಶಯವೇ. ಅಲ್ಲಿ ‘ನೀವು’ ಇದ್ದರೂ ಅದು ಉಪಯೋಗಕ್ಕೆ ಬಾರದು. ‘ಹೋಗಿ ಬನ್ನಿ, ದೊಡ್ಡಮ್ಮ’ ಎಂದೇ ಅನ್ನಬೇಕು. ಆ ಮಾತಿನಲ್ಲಿ ಸಹಾಯಕ ಕ್ರಿಯಾಪದವು ಒಂದೂ ಇಲ್ಲ.