ಚಪ್ಪೆಯ ಕೀಲಿಗೆ ಚುಚ್ಚುಮದ್ದು: ಸೂಜಿಗೆ ಸ್ಕ್ಯಾನಿನ ಕಣ್ಣು ಬೇಕು

ನಮ್ಮ ಮುನವಳ್ಳಿ, ಸವದತ್ತಿ ಕಡೆಯ ಜನರಿಗೆ ಟೊಂಕ, ಚಪ್ಪೆ, ತೊಡೆಸಂದು ಎಲ್ಲವೂ ಒಂದೇ. ಎಲ್ಲಿ ನೋವಾದರೂ ‘ಟೊಂಕ ಹಿಡದೈತ್ರಿ’ ಎಂದೇ ದವಾಖಾನೆಗೆ ಬರುತ್ತಾರೆ. ಆದರೆ ಬೆನ್ನುಮೂಳೆಯ ನೋವು ಬೇರೆ, ಚಪ್ಪೆ ಅಂದರೆ ಸೊಂಟದ ಕೀಲಿನ ನೋವು ಬೇರೆ. ಈ ಕೀಲು ಸವೆದವರಿಗೆ ನೋವು ಹೆಚ್ಚಾಗಿ ಮುಂಭಾಗದ ತೊಡೆಸಂದಿನಲ್ಲಿ ಕಾಣಿಸುತ್ತದೆ, ಕೆಲವರಿಗೆ ಮೊಣಕಾಲಿನಲ್ಲಿ. ಚಪ್ಪಲಿ ಹಾಕಿಕೊಳ್ಳಲು, ಕಾಲಿನ ಉಗುರು ತೆಗೆಯಲು, ನಮಾಝಿನಲ್ಲಿ ಕೂರಲು ಕಷ್ಟವಾಗುತ್ತದೆ. ಪೃಷ್ಠದಿಂದ ಕಾಲಿನ ಹಿಂಭಾಗದುದ್ದಕ್ಕೂ ಎಳೆಯುವ ನೋವಾದರೆ ಅದು ಬಹುತೇಕ ಇರ್ಕುನ್ನಸಾ, ಅಂದರೆ ಸಯಾಟಿಕಾ. ಯುನಾನಿ ಗ್ರಂಥಗಳಲ್ಲಿ ಚಪ್ಪೆ ನೋವಿಗೆ ವಜಉಲ್ ವರಿಕ್ ಎಂಬ ಪ್ರತ್ಯೇಕ ಹೆಸರೇ ಇದೆ.

ಇಷ್ಟು ಹೇಳಲು ಕಾರಣವಿದೆ. ‘ಡಾಕ್ಟರ್ ಸಾಬ್, ಚಪ್ಪೆಗೊಂದು ಇಂಜೆಕ್ಷನ್ ಹೊಡದ್ಬಿಡ್ರಿ’ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಕೇಳಿದ ಕೂಡಲೇ ಕೈಯಂದಾಜಿನಲ್ಲಿ ಚುಚ್ಚುವವರೂ ಇದ್ದಾರೆ. ನೀವು ಅದಕ್ಕೆ ಒಪ್ಪಬೇಡಿ.

ಮೊಣಕಾಲಿನ ಕೀಲು ಚರ್ಮದ ಕೆಳಗೇ ಇದೆ, ಕೈಗೆ ಸಿಗುತ್ತದೆ. ಚಪ್ಪೆಯ ಕೀಲು ದಪ್ಪ ಸ್ನಾಯುಗಳ ಕೆಳಗೆ, ಆಳದಲ್ಲಿದೆ. ಅದರ ಮುಂದೆಯೇ ಕಾಲಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿ, ಅಭಿಧಮನಿ ಮತ್ತು ನರ ಹಾದುಹೋಗುತ್ತವೆ. ನೋಡದೆ ಚುಚ್ಚಿದರೆ ಔಷಧ ಕೀಲಿನ ಹೊರಗೇ ಉಳಿಯಬಹುದು, ಸೂಜಿ ರಕ್ತನಾಳಕ್ಕೆ ತಗುಲಬಹುದು.

ಅದಕ್ಕಾಗಿಯೇ ಅಲ್ಟ್ರಾಸೌಂಡ್. ಹೌದು, ಬಸುರಿಯರಿಗೆ ಮಾಡುವ ಅದೇ ಸ್ಕ್ಯಾನ್. ಇದರಲ್ಲಿ ಎಕ್ಸ್‌ರೇಯಂತಹ ವಿಕಿರಣವಿಲ್ಲ. (ಈ ಯಂತ್ರ ಯಾವ ಕೆಲಸಕ್ಕೆ ಬಳಸಿದರೂ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ನೋಂದಣಿಯಾಗಿರಬೇಕು. ಬೀದಿಗೊಂದು ದವಾಖಾನೆಯಲ್ಲಿ ಅದನ್ನು ನಿರೀಕ್ಷಿಸಬೇಡಿ.) ರೋಗಿಯನ್ನು ಅಂಗಾತ ಮಲಗಿಸಿ, ತೊಡೆಸಂದಿನ ಚರ್ಮವನ್ನು ಕ್ರಿಮಿನಾಶಕದಿಂದ ಶುಚಿ ಮಾಡಿ, ಸ್ಕ್ಯಾನಿನ ಪ್ರೋಬಿಗೆ ಶುದ್ಧ ಹೊದಿಕೆ ಹಾಕುತ್ತಾರೆ. ಪರದೆಯಲ್ಲಿ ತೊಡೆಮೂಳೆಯ ಗುಂಡುತಲೆ, ಅದರ ಕೆಳಗಿನ ಕತ್ತು ಕಾಣುತ್ತವೆ. ಇವೆರಡೂ ಕೂಡುವಲ್ಲಿ ಕೀಲಿನ ಚೀಲ ಮುಂದಕ್ಕೆ ಚಾಚಿರುತ್ತದೆ. ವೈದ್ಯರು ರಕ್ತನಾಳಗಳನ್ನು ಗುರುತಿಸಿ, ಅವುಗಳಿಂದ ದೂರವಿಟ್ಟು ಉದ್ದನೆಯ ತೆಳ್ಳನೆಯ ಸೂಜಿಯನ್ನು ಆ ಜಾಗಕ್ಕೆ ಒಯ್ಯುತ್ತಾರೆ. ಸೂಜಿ ಸಾಗುವುದೂ ಔಷಧ ಚೀಲದೊಳಗೆ ಹರಡುವುದೂ ಪರದೆಯಲ್ಲಿ ಕಾಣುತ್ತದೆ. ಪೂರ್ತಿ ಅರಿವಳಿಕೆ ಬೇಡ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ಹಾಕುವುದು ಮರಗಟ್ಟಿಸುವ ಲಿಗ್ನೋಕೇನ್, ಜೊತೆಗೆ ಸ್ಟಿರಾಯ್ಡ್. ಲಿಗ್ನೋಕೇನಿನಿಂದ ಇನ್ನೊಂದು ಉಪಯೋಗವಿದೆ. ಸ್ವಲ್ಪ ಹೊತ್ತಿನಲ್ಲೇ ನೋವು ಮಾಯವಾದರೆ ಅದು ಕೀಲಿನಿಂದಲೇ ಬರುತ್ತಿತ್ತು ಎಂದರ್ಥ. ಇಲ್ಲವಾದರೆ ಬೆನ್ನನ್ನು ಪರೀಕ್ಷಿಸಬೇಕು.

ಎಷ್ಟು ಗುಣ? ಇಂಗ್ಲೆಂಡಿನಲ್ಲಿ ಕೀಲು ಸವೆದ 199 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಸಲಹೆ, ವ್ಯಾಯಾಮಗಳ ಜೊತೆಗೆ ಸ್ಕ್ಯಾನ್ ನೋಡಿ ಸ್ಟಿರಾಯ್ಡ್ ಕೊಟ್ಟವರಲ್ಲಿ ಆರು ತಿಂಗಳ ಅವಧಿಯಲ್ಲಿ ನೋವು ಹೆಚ್ಚು ಇಳಿದಿತ್ತು, ಆದರೆ ಲಾಭ ಎದ್ದು ಕಂಡದ್ದು ಮೊದಲ ವಾರಗಳಲ್ಲಿ. ಬರೀ ಲಿಗ್ನೋಕೇನ್ ಪಡೆದವರಿಗೂ ಸ್ಟಿರಾಯ್ಡ್ ಪಡೆದವರಿಗೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಸವೆದ ಕೀಲು ಸೂಜಿಯಿಂದ ಮತ್ತೆ ಬೆಳೆಯುವುದಿಲ್ಲ. ನೋವು ಇಳಿದ ದಿನಗಳಲ್ಲಿ ತೊಡೆಯ ವ್ಯಾಯಾಮ ಮಾಡಿ, ತೂಕ ಇಳಿಸಿಕೊಂಡವರಿಗೆ ಅದು ದಕ್ಕುತ್ತದೆ.

ಸಕ್ಕರೆ ಕಾಯಿಲೆಯವರೇ, ಸ್ಟಿರಾಯ್ಡ್ ನಂತರ ಕೆಲವು ದಿನ ಸಕ್ಕರೆ ಏರುತ್ತದೆ. ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹೃದಯದ ಕವಾಟ ಬದಲಿಸಿಕೊಂಡವರು ಮೊದಲೇ ಹೇಳಬೇಕು. ಜ್ವರವಿದ್ದರೆ, ತೊಡೆಸಂದಿನಲ್ಲಿ ಹುಣ್ಣು ಅಥವಾ ಗಜಕರ್ಣವಿದ್ದರೆ ಅದು ವಾಸಿಯಾಗುವವರೆಗೆ ಚುಚ್ಚಿಸಿಕೊಳ್ಳಬೇಡಿ. ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಮೂರು ತಿಂಗಳೊಳಗೆ ನಿಗದಿಯಾಗಿದ್ದರೆ ಈ ಇಂಜೆಕ್ಷನ್ ಬೇಡವೇ ಬೇಡ, ಸೋಂಕಿನ ಅಪಾಯ ಹೆಚ್ಚುತ್ತದೆ.

ಯುವಕರಲ್ಲಿ ಚಪ್ಪೆ ನೋವು ಬಂದರೆ ಸವೆತ ಎಂದುಕೊಳ್ಳಬೇಡಿ. ತೊಡೆಮೂಳೆಯ ತಲೆಗೆ ರಕ್ತ ನಿಂತು ಮೂಳೆ ಸಾಯುವ ರೋಗವೊಂದಿದೆ, ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐಯಲ್ಲಷ್ಟೇ ಕಾಣಬಹುದು. ದೀರ್ಘಕಾಲ ಸ್ಟಿರಾಯ್ಡ್ ಸೇವನೆ ಅದಕ್ಕೊಂದು ಕಾರಣ. ಸಂತೆಯಲ್ಲಿ ನಮ್ಮ ಯುನಾನಿ, ಆಯುರ್ವೇದದ ಹೆಸರು ಹೇಳಿ ಮಾರುವ ಚೀಟಿಯಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಎರಡೇ ದಿನದಲ್ಲಿ ನೋವು ಹಾರಿಸುವ ಪುಡಿಯನ್ನು ನಾನಂತೂ ನಂಬುವುದಿಲ್ಲ. ಆರಂಭದ ನೋವಿಗೆ ಎಣ್ಣೆ ಮಾಲಿಶ್, ಬಿಸಿ ಶಾಖ ಆರಾಮ ಕೊಡುತ್ತವೆ. ಊರುಗೋಲಿಲ್ಲದೆ ನಡೆಯಲಾಗದ ಹಂತದಲ್ಲಿ ಬೆಳಗಾವಿ ಅಥವಾ ಹುಬ್ಬಳ್ಳಿ-ಧಾರವಾಡದ ಮೂಳೆ ತಜ್ಞರ ಬಳಿಗೇ ಹೋಗಬೇಕು.

ತಾಯಂದಿರು ಸಂಕೋಚದಿಂದ ಹಿಂಜರಿಯುತ್ತಾರೆ. ತೆರೆಯಬೇಕಾದ್ದು ಅಂಗೈಯಗಲದ ಜಾಗ ಮಾತ್ರ, ಉಳಿದದ್ದನ್ನು ಹೊದಿಸಲು ಹೇಳಿ. ಮಹಿಳಾ ವೈದ್ಯರಿದ್ದರೆ ಕೇಳಿ, ಇಲ್ಲವಾದರೆ ಮನೆಯವರೊಬ್ಬರು ಜೊತೆಗಿರಲಿ. ಚುಚ್ಚಿದ ಜಾಗ ವುಝೂವಿನ ಅಂಗವಲ್ಲ, ಒಂದು ದಿನ ಪಟ್ಟಿ ಒದ್ದೆಯಾಗದಂತೆ ನೋಡಿಕೊಂಡರೆ ಸಾಕು. ನೋವಿರುವವರೆಗೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಅನುಮತಿಯಿದೆ. ರಮಝಾನಿನಲ್ಲಾದರೆ, ಪೌಷ್ಟಿಕಾಂಶ ನೀಡದ ಚಿಕಿತ್ಸೆಯ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲ ಎಂದು 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ ಹೇಳಿದೆ. ಸಂಶಯವಿದ್ದರೆ ನಿಮ್ಮ ಮಸೀದಿಯ ಆಲಿಮರನ್ನು ಕೇಳಿ, ಇಲ್ಲವೇ ಇಫ್ತಾರಿನ ನಂತರದ ಸಮಯ ಪಡೆಯಿರಿ.

ಮೊದಲ ಒಂದೆರಡು ದಿನ ನೋವು ತುಸು ಹೆಚ್ಚಾಗುವುದು ಸಹಜ. ಆದರೆ ಚಳಿಜ್ವರ ಬಂದರೆ, ಕಾಲೂರಲಾಗದಷ್ಟು ನೋವು ಏರುತ್ತಲೇ ಹೋದರೆ ಬೆಳಗಾಗುವವರೆಗೆ ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.